ಈ ಮೊಕಕ್ಕೆ ಡಿಗ್ರಿ ಬ್ಯಾರೆ

ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ನಂದಿದುರ್ಗ ಗಣಿಯ ಲೈನ್ ಮನೆಯ ಹೊಸ್ತಿಲ ಮೇಲೆ ಕೂತು, ಮೊರದಲ್ಲಿ ಅಕ್ಕಿ ಕೇರುತ್ತಾ ಅಂದಳು. ನಾನು ಬಟ್ಟೆಯ ಚೀಲ ಹಿಡಿದು ಬಾಗಿಲ ಮುಂದೆ ನಿಂತಿದ್ದೆ, ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ಅಪ್ಪ ಹೊತ್ತು ತಂದಿದ್ದ ರಾಗಿ ಮೂಟೆಯನ್ನು ಗೋಡೆಗೆ ಒರಗಿಸುತ್ತಿದ್ದ.

"ನಮ್ ವಂಸದಾಗೆ ಗಂಡ್ಮಕ್ಕಳೇ ಏಳ್ನೇ ಕ್ಲಾಸು ದಾಟಿಲ್ಲ. ಇವ್ಳು ಬಿ.ಎ. ಮಾಡ್ತಾಳಂತೆ. ಆಗೋ ಮಾತಿದ್ರೆ ಆಡು ಕಣೋ," ಎಂದು ಅಪ್ಪನಿಗೆ ಹೇಳಿ, ತಲೆಯೆತ್ತಿ ನನ್ನ ಹಣೆಯಿಂದ ಗದ್ದದವರೆಗೆ ಒಂದು ಸಲ ನೋಡಿದಳು. "ಅದೂ ಈ ಮೊಕಕ್ಕೆ ಡಿಗ್ರಿ ಬ್ಯಾರೆ."

ಅಪ್ಪ ನಕ್ಕ. ಅಕ್ಕನ ಮಾತಿಗೆ ತಮ್ಮ ನಗುವುದು ರೂಢಿ, ಅಷ್ಟೇ. ಆದರೂ ಆ ನಗೆಯನ್ನು ನಾನು ಮರೆತಿಲ್ಲ. ಮರೆಯಬೇಕು ಎಂದು ಹೇಳುವವರು ಬಹಳ ಜನ ಇದ್ದಾರೆ. ಅವರ ಮುಖ ನುಣ್ಣಗಿರುತ್ತದೆ.

ಆಗ ಎಂಬತ್ತರ ದಶಕ ಶುರುವಾಗಿತ್ತು. ನಮ್ಮದು ಬೂದಿಕೋಟೆಯ ಹತ್ತಿರದ ಹಳ್ಳಿ. ಎರಡು ಹಸು, ಒಂದಿಷ್ಟು ಹೊಲ. ಹೊಲ ಸಾಲದೆ ಅಮ್ಮ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಪಿಯುಸಿ ಪಾಸಾದ ಮೇಲೆ ಕೆ.ಜಿ.ಎಫ್.ನ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ದಿನವೂ ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಮತ್ತೆ ರೈಲು ಹಿಡಿದು ಓಡಾಡುವುದು ಆಗದ ಮಾತು. ಅದಕ್ಕೇ ಅತ್ತೆಯ ಮನೆ. ಮಾವ ಗಣಿಯೊಳಗೆ ಇಳಿಯುವ ಕೆಲಸದವರು, ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಹತ್ತನೇ ಕ್ಲಾಸಿಗೆ ಮೊದಲೇ ಮದುವೆ ಮಾಡಿ ಕಳಿಸಿದ್ದಳು. ತಾನು ತನ್ನ ಮಕ್ಕಳಿಗೆ ಕೊಡದೇ ಇದ್ದದ್ದನ್ನು ತಮ್ಮನ ಮಗಳು ತನ್ನ ಮನೆಯಲ್ಲೇ ಕೂತು ತೆಗೆದುಕೊಳ್ಳುವುದು ಅವಳಿಗೆ ಹೊಟ್ಟೆಗೆ ಇಳಿಯಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅವಳ ಮೇಲೆ ಕನಿಕರ ಬರಲಿಲ್ಲ.

ಇನ್ನು ನನ್ನ ಮುಖ. ಮೊಡವೆ ಎಂದರೆ ವಯಸ್ಸಿಗೆ ಬಂದ ಹುಡುಗಿಯ ಕೆನ್ನೆಯಲ್ಲಿ ಒಂದು ಕೆಂಪು ಚುಕ್ಕೆ ಎಂದು ತಿಳಿದವರಿಗೆ ಹೇಳುತ್ತಿದ್ದೇನೆ. ನನ್ನ ಹಣೆಯ ತುಂಬಾ ಸಣ್ಣ ಗುಳ್ಳೆ. ಕೆನ್ನೆಯಲ್ಲಿ ಕಡಲೆಕಾಳಿನಂಥ ಗಂಟು. ದವಡೆಯ ಕೆಳಗೆ ಕೀವು ತುಂಬಿ ಬಿಗಿದುಕೊಂಡದ್ದು. ಮುಟ್ಟಿದರೆ ಕಿವಿಯವರೆಗೂ ನೋವು ಎಳೆಯುತ್ತಿತ್ತು, ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಹದಿನೈದನೇ ವಯಸ್ಸಿಗೆ ಶುರುವಾದದ್ದು ಕಾಲೇಜು ಸೇರುವ ಹೊತ್ತಿಗೆ ಮುಖವನ್ನೆಲ್ಲ ಹಿಡಿದಿತ್ತು. ಪಿಯುಸಿಗೆ ಓಡಾಡುವಾಗ ಬೂದಿಕೋಟೆಯಿಂದ ಹೊರಡುವ ಬಸ್ಸಿನ ಹಿಂದಿನ ಸೀಟಿನವರು ನನಗೆ ಸೀತಾಫಲ ಎಂದು ಹೆಸರಿಟ್ಟಿದ್ದರು. ನಾನು ಮೆಟ್ಟಿಲು ಹತ್ತಿದೊಡನೆ ತೆಲುಗಿನಲ್ಲಿ ಒಬ್ಬ ಕೂಗುತ್ತಿದ್ದ, "ಒರೇ, ಸೀತಾಫಲಂ ವಚ್ಚಿಂದಿರಾ!" ಇನ್ನೊಬ್ಬ ಕನ್ನಡದಲ್ಲಿ, "ಅಣ್ಣಾಗೈತೆ ಕಣ್ಲಾ, ಸೀಟ್ ಬಿಡ್ರೋ, ಒಡ್ಕೊಂಡ್ಬಿಟ್ಟಾತು!" ಕಂಡಕ್ಟರು ಕೂಡ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವರಲ್ಲಿ ಒಬ್ಬ ಈಗ ಮುಖದ ತುಂಬಾ ಮೊಡವೆ ಎದ್ದ ಮೊಮ್ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾನೆ. ಆ ಹುಡುಗಿಗೆ ಸಲಹೆ ಹೇಳುತ್ತೇನೆ. ಅವನಿಗೆ ಕೂರಲು ಹೇಳುವುದಿಲ್ಲ.

ಅತ್ತೆಯದು ಒಂದೇ ಸಿದ್ಧಾಂತ. ಓದಿದರೆ ತಲೆ ಕಾಯುತ್ತದೆ, ತಲೆಯ ಕಾವು ಮುಖಕ್ಕೆ ಬರುತ್ತದೆ. "ಉಷ್ಣ ಕಣೇ, ಉಷ್ಣ. ಪುಸ್ತಕ ಮಡ್ಚಿಡು, ಎಂಟೇ ದಿನಕ್ಕೆ ಮೊಕ ಎಂಗಾಗ್ತದೆ ನೋಡು." ತಲೆ ತಂಪಾಗಲೆಂದು ಶುಕ್ರವಾರ ಶುಕ್ರವಾರ ಹರಳೆಣ್ಣೆಯನ್ನು ಬುರುಡೆಗೆ ತಟ್ಟುತ್ತಿದ್ದಳು. ಅದು ಹಣೆಗಿಳಿದು, ಹುಬ್ಬಿಗಿಳಿದು, ಕೆನ್ನೆಯವರೆಗೆ ಹರಿಯುತ್ತಿತ್ತು. ಒರೆಸಿಕೊಳ್ಳಲು ಬಿಡುತ್ತಿರಲಿಲ್ಲ. ಬೆರಳಿನ ಬಂಗಾರದ ಉಂಗುರವನ್ನು ಕಲ್ಲಿಗೆ ತಿಕ್ಕಿ ಬಿಸಿ ಮಾಡಿ ಗಂಟುಗಳ ಮೇಲೆ ಒತ್ತುತ್ತಿದ್ದಳು. ಕಣ್ಣಿನ ರೆಪ್ಪೆಗೆ ಕುರು ಎದ್ದರೆ ಹಾಗೆ ಒತ್ತುತ್ತಾರಲ್ಲ, ಹಾಗೆ. ನಿಂಬೆಹಣ್ಣು ಹಿಂಡಿದಳು. ಬೇವಿನ ಸೊಪ್ಪು ಅರೆದಳು. ಬೆಳ್ಳುಳ್ಳಿ ಜಜ್ಜಿ ಇಟ್ಟಳು, ಅದು ಸುಟ್ಟು ಕಪ್ಪು ಕಲೆಯಾಯಿತು. ಒಂದೊಂದು ಸಲವೂ ನಾನು ಕಣ್ಣು ಮುಚ್ಚಿ ಮುಖ ಕೊಟ್ಟೆ. ಅನ್ನ ಹಾಕುವವಳ ಕೈಗೆ ಮುಖ ಕೊಡದೇ ಇರುವುದು ಹೇಗೆ?

ಮೊದಲ ವರ್ಷದ ಪರೀಕ್ಷೆಯ ಹಾಲ್‌ಟಿಕೆಟ್‌ಗೆ ಫೋಟೋ ಬೇಕಾಯಿತು. ರಾಬರ್ಟ್‌ಸನ್‌ಪೇಟೆಯ ಒಂದು ಸ್ಟುಡಿಯೋಗೆ ಹೋದೆ. ಸ್ಟುಡಿಯೋದವನು ದೀಪ ಹಚ್ಚಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ "ಇರ್ಲಿ ಬಿಡಮ್ಮಾ, ನಾನು ನೋಡ್ಕೋತೀನಿ" ಅಂದ. ಮೂರು ದಿನದ ಮೇಲೆ ಫೋಟೋ ಕೊಟ್ಟಾಗ ನನಗೇ ಗುರುತು ಸಿಗಲಿಲ್ಲ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲು ಆಡಿಸಿ ಒಂದೊಂದೇ ಗುಳ್ಳೆಯನ್ನು ಅಳಿಸಿಬಿಟ್ಟಿದ್ದ. ಕೆನ್ನೆ ಸುಣ್ಣ ಬಳಿದ ಗೋಡೆಯಂತಿತ್ತು. ಗಂಡು ನೋಡಲು ಕಳಿಸುವ ಫೋಟೋಗಳಿಗೆ ಹಾಗೆ ಮಾಡಿ ಮಾಡಿ ಅವನಿಗೆ ಕೈ ಕೂತಿತ್ತು. ನಾನು ಬೇರೆ ತೆಗೆಸಬೇಕಾಗಿತ್ತು. ತೆಗೆಸಲಿಲ್ಲ. ಯಾಕೆಂದರೆ ಆ ಫೋಟೋ ನನಗೆ ಇಷ್ಟವಾಗಿತ್ತು. ಅಂಟಿಸಿದೆ. ಪ್ರಿನ್ಸಿಪಾಲರು ನೋಡದೇ ಅದರ ಮೂಲೆಗೆ ಸೀಲು ಒತ್ತಿದರು.

ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ ಅತ್ತೆ ಮರಳು ತಂದಳು.

ಕೆ.ಜಿ.ಎಫ್. ನೋಡಿದವರಿಗೆ ಆ ಗುಡ್ಡಗಳು ಗೊತ್ತು. ಬಂಗಾರ ತೆಗೆದುಕೊಂಡ ಮೇಲೆ ಉಳಿದ ಮಣ್ಣನ್ನು ರಾಶಿ ಹಾಕಿ ಹಾಕಿ ಬೆಳೆದ ಬೂದು ಬಣ್ಣದ ದಿಬ್ಬಗಳು. ಸೈನೈಡ್ ದಿಬ್ಬ ಎಂದೇ ಅವುಗಳ ಹೆಸರು. ಗಾಳಿ ಎದ್ದರೆ ಆ ನಯವಾದ ಪುಡಿ ಲೈನ್ ಮನೆಗಳ ಅನ್ನಕ್ಕೂ ಹಾಸಿಗೆಗೂ ಬೀಳುತ್ತಿತ್ತು. ಪಾತ್ರೆ ಬೆಳಗಲು ಅದನ್ನು ಬಾಚಿ ತರುವವರಿದ್ದರು. ಹಿತ್ತಾಳೆ ತಳತಳ ಅನ್ನುತ್ತಿತ್ತು. ಅತ್ತೆಯೂ ಒಂದು ಡಬ್ಬದ ತುಂಬಾ ಇಟ್ಟುಕೊಂಡಿದ್ದಳು. ಅದರಲ್ಲೇ ಒಂದು ಹಿಡಿ ತೆಗೆದು, ಮೊಸರಲ್ಲಿ ಕಲಸಿ, ನನ್ನ ಮುಂದೆ ಇಟ್ಟಳು.

"ತಿಕ್ಕು."

"ಇದು ಪಾತ್ರೆಗೆ ಆಕೋದಲ್ವಾ ಅತ್ತೆ?"

"ಇದ್ರಾಗೇ ಕಣೇ ಬಂಗಾರ ಇದ್ದಿದ್ದು. ಬಂಗಾರದ ಜೊತೆ ಇದ್ದ ಮಣ್ಣು ಅಂದ್ರೆ ಸುಮ್ಕೆನಾ? ತಂಬಿಗೆ ನೋಡು, ಎಂಗೈತೆ! ತಂಬಿಗೆಗಿಂತ ಗಟ್ಟಿನಾ ನಿನ್ ಮೊಕ?"

ತಂಬಿಗೆ ನಿಜವಾಗಿಯೂ ಹೊಳೆಯುತ್ತಿತ್ತು. ಪಿಯುಸಿ ಪಾಸಾದವಳು, ಬಿ.ಎ. ಓದುವವಳು, ನಾನು ತಿಕ್ಕಿದೆ. ಈ ಭಾಗದ ತಪ್ಪು ಅತ್ತೆಯದಲ್ಲ, ನನ್ನದು. ಮೊದಲ ದಿನ ಉರಿಯಿತು. "ಉರಿದ್ರೆ ಉಷ್ಣ ಓಯ್ತದೆ ಅಂತ," ಅಂದಳು. ಎರಡನೇ ದಿನ ಗುಳ್ಳೆಗಳ ತಲೆ ಕಿತ್ತುಬಂದು ರಕ್ತ ಒಸರಿತು. ಮೂರನೇ ದಿನವೂ ತಿಕ್ಕಿದೆ. ನಾಲ್ಕನೇ ದಿನ ಬೆಳಿಗ್ಗೆ ಕೆನ್ನೆ ಊದಿ ಕಣ್ಣು ಸಣ್ಣದಾಗಿತ್ತು, ಚರ್ಮ ಸುಲಿದು ಹಸಿಹಸಿಯಾಗಿತ್ತು, ನಕ್ಕರೆ ಬಿರಿಯುತ್ತಿತ್ತು. ನಗುವಂಥದ್ದು ಏನೂ ಇರಲಿಲ್ಲ, ಅದು ಬೇರೆ ಮಾತು.

ಆ ಮುಖ ಹೊತ್ತುಕೊಂಡು ಪರೀಕ್ಷೆಗೆ ಕೂತೆ. ಮೇಲ್ವಿಚಾರಕರು ಬೇರೆ ಕಾಲೇಜಿನಿಂದ ಬಂದವರು. ಹಾಲ್‌ಟಿಕೆಟ್ ಎತ್ತಿಕೊಂಡು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ಯಾರು?"

"ನಾನೇ ಸಾರ್."

"ನೀನಾ? ಈ ಹುಡುಗಿ ಮುಖ ನೋಡು, ನಿನ್ನ ಮುಖ ನೋಡು. ಯಾರ ಬದಲು ಬರೆಯೋಕೆ ಬಂದಿದ್ದೀಯ?"

ಇಡೀ ಕೋಣೆ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. "ಸ್ಟುಡಿಯೋದವರು ಅಳಿಸಿದ್ದಾರೆ ಸಾರ್," ಎಂದೆ. ಏನನ್ನು ಅಳಿಸಿದ್ದಾರೆ ಎಂದು ಕೇಳಿದರು. ಅದನ್ನು ಬಾಯಿಬಿಟ್ಟು ಹೇಳಿಸಿದರು. "ಮೊಡವೆ ಸಾರ್." ಅಷ್ಟು ಜನರ ಮುಂದೆ, ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು, ಹಾಗೆ ಹೇಳಿದೆ. ಆಮೇಲೆ ಆಫೀಸಿಗೆ ಕರೆದುಕೊಂಡು ಹೋದರು. ಸಹಿ ಹಾಕಿಸಿದರು, ಹಳೆಯ ಸಹಿಗೆ ಹೋಲಿಸಿದರು, ಪ್ರಿನ್ಸಿಪಾಲರು ಬರುವವರೆಗೆ ಕಾಯಿಸಿದರು. ವಾಪಸ್ ಬಂದು ಕೂತಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಿತ್ತು. ಬೆವರು ಇಳಿದು ಹಸಿ ಚರ್ಮಕ್ಕೆ ಉಪ್ಪು ಸವರಿದಂತಾಗುತ್ತಿತ್ತು. ಆ ಪೇಪರು ಹೋಯಿತು. ಫಲಿತಾಂಶ ಬರುವ ಮೊದಲೇ ಹೋಗಿದೆ ಎಂದು ನನಗೆ ಗೊತ್ತಿತ್ತು.

ರಜೆ ಬಂತು. ಅತ್ತೆ ನನ್ನ ಜೊತೆಗೇ ಊರಿಗೆ ಬಂದಳು, ತೀರ್ಪು ಹೇಳುವುದಕ್ಕೆ. ಜಗುಲಿಯ ಮೇಲೆ ಕಾಲು ಚಾಚಿ ಕೂತು, ನೀರು ಕುಡಿದು, ಶುರು ಮಾಡಿದಳು.

"ನೋಡೋ, ನಿನ್ ಮಗಳ ಮೊಕ. ಓದಿ ಓದಿ ತಲೆ ಕಾದು, ಕಾವೆಲ್ಲಾ ಅಲ್ಲಿಗೆ ಬಂದೈತೆ. ಇನ್ನೊಂದ್ ವರ್ಸ ಓದಿದ್ರೆ ಕಣ್ಣಿಗೆ ಇಳೀತದೆ. ಆಮ್ಯಾಕೆ ಯಾವನ್ ಕಟ್ಕೋತಾನೆ?"

"ಮರಳು ಆಕಿದ್ದು ನೀನು," ಎಂದೆ.

"ನೋಡ್ದಾ, ನೋಡ್ದಾ! ನಾಲ್ಗೆಗೂ ಉಷ್ಣ ಏರೈತೆ."

ಅಪ್ಪ ಬೀಡಿ ಆರಿಸಿ, ನನ್ನನ್ನು ನೋಡದೇ, ಹಸುವಿನ ಕಡೆ ನೋಡುತ್ತಾ ಹೇಳಿದ. "ಕಾಲೇಜು ಬಾಗ್ಲು ತೆಗೆಯೋ ಒತ್ತಿಗೆ ಮೊಕ ವಾಸಿಯಾದ್ರೆ ಓಗು. ಇಲ್ಲಾಂದ್ರೆ ಬ್ಯಾಡ. ಇನ್ ಮಾತಿಲ್ಲ."

ಎರಡು ತಿಂಗಳು. ಮೂರು ವರ್ಷದ ಓದು ನನ್ನ ಕೆನ್ನೆಯ ಮೇಲೆ ನಿಂತಿತ್ತು. ಯಾವ ಗಂಡುಮಗನ ಓದನ್ನು ಯಾವ ಅಪ್ಪ ಅವನ ಕೆನ್ನೆ ನೋಡಿ ನಿಲ್ಲಿಸಿದ್ದಾನೆ? ಆಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಉತ್ತರ ಹೇಳಲು ಅಪ್ಪ ಇಲ್ಲ.

ಮರುದಿನ ಸೊಪ್ಪು ಸೋಸುತ್ತಿದ್ದ ಅಮ್ಮ, ತಲೆ ಎತ್ತದೆಯೇ ಅಂದಳು. "ಬಂಗಾರಪೇಟೆ ಆಸ್ಪತ್ರೇಲಿ ಎಂಗಸ್ರ ಡಾಕ್ಟ್ರು ಅವ್ರಂತೆ. ಓಗ್ಬಾ. ಅಪ್ಪಂಗೆ ನಾನ್ ಏನೋ ಒಂದ್ ಏಳ್ತೀನಿ."

ಆ ಡಾಕ್ಟರಮ್ಮ ಮೃದುವಾಗಿ ಮಾತಾಡಿದರೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮುಖಕ್ಕೆ ಟಾರ್ಚು ಬಿಟ್ಟು ನೋಡಿ, ಮರಳಿನ ಕಥೆ ಕೇಳಿ, ಟಾರ್ಚನ್ನು ಮೇಜಿನ ಮೇಲೆ ಕುಕ್ಕಿದರು.

"ಏನಮ್ಮಾ, ಇದು ಮುಖಾನಾ, ತಳ ಹಿಡಿದ ಪಾತ್ರೆನಾ? ಕಾಲೇಜಿಗೆ ಬೇರೆ ಹೋಗ್ತೀಯ! ಆ ದಿಬ್ಬದ ಮಣ್ಣಲ್ಲಿ ಏನೇನಿದೆಯೋ ಯಾರಿಗೆ ಗೊತ್ತು? ಪಾತ್ರೆಗೂ ಹಾಕಬಾರದು ಅದನ್ನ."

"ಓದೋದ್ರಿಂದ ಬರುತ್ತಾ ಡಾಕ್ಟ್ರೇ?" ನನಗೆ ಬೇಕಿದ್ದದ್ದು ಆ ಒಂದೇ ಉತ್ತರ.

"ಓದೋದ್ರಿಂದ ಬರೋದಾದ್ರೆ ನನ್ನ ಮುಖ ಏನಾಗ್ಬೇಕಿತ್ತು?"

ಆಮೇಲೆ ಹೇಳಿದರು. ಚರ್ಮದ ಕೆಳಗೆ ಎಣ್ಣೆ ಸುರಿಸುವ ಸಣ್ಣ ಗ್ರಂಥಿಗಳಿವೆ, ಈ ವಯಸ್ಸಿನಲ್ಲಿ ಅವು ಜಾಸ್ತಿ ಸುರಿಸುತ್ತವೆ. ಹೊರಗೆ ಬರುವ ರಂಧ್ರ ಕಟ್ಟಿಕೊಂಡರೆ ಎಣ್ಣೆ ಒಳಗೇ ನಿಲ್ಲುತ್ತದೆ, ಕ್ರಿಮಿ ಬೆಳೆದು ಊದಿಕೊಳ್ಳುತ್ತದೆ. ರಕ್ತ ಕೆಟ್ಟದ್ದಲ್ಲ, ಉಷ್ಣವಲ್ಲ, ಕೊಳಕೂ ಅಲ್ಲ. ಆದ್ದರಿಂದ ತಿಕ್ಕಿದರೆ ಹೋಗುವುದಿಲ್ಲ, ತಿಕ್ಕಿದಷ್ಟೂ ಕೆರಳುತ್ತದೆ. ನನ್ನ ಹಣೆಯ ಗುಳ್ಳೆಗಳನ್ನು ನೋಡಿ, "ತಲೆ ಮೇಲೆ ಏನು ಹೊರ್ತೀಯ?" ಎಂದು ಕೇಳಿದರು. ಊರಿನಲ್ಲಿದ್ದಾಗ ಹುಲ್ಲಿನ ಹೊರೆ ಎಂದೆ. ಹೊರೆಯ ಕೆಳಗೆ ಸುತ್ತಿಡುವ ಸಿಂಬೆಯ ಬಟ್ಟೆ ಒಗೆದು ಎಷ್ಟು ದಿನ ಆಯಿತು ಎಂದರು. ಸಿಂಬೆಯನ್ನು ಯಾರಾದರೂ ಒಗೆಯುತ್ತಾರೆಯೇ? ಅದು ಬೆವರು ಕುಡಿದು, ಎಣ್ಣೆ ಕುಡಿದು, ಚಕ್ಕಳದಂತೆ ಆಗುವವರೆಗೆ ಗೂಟಕ್ಕೆ ನೇತಾಡುತ್ತಿರುತ್ತದೆ.

"ಮೊದಲು ಹತ್ತು ದಿನ ಏನೂ ಹಚ್ಚಬೇಡ. ನೀರಲ್ಲಿ ತೊಳಿ, ಅಷ್ಟೇ. ಗಾಯ ಮಾಗಲಿ," ಎಂದರು. ಆಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸಾದಾ ಸೋಪಿನಲ್ಲಿ ಬೆರಳ ತುದಿಯಿಂದ ತೊಳೆಯುವುದು. ಒತ್ತಿ ಒರೆಸುವುದು, ಉಜ್ಜುವುದಲ್ಲ. ಹರಳೆಣ್ಣೆ ಹಣೆಗೆ ಇಳಿಯಕೂಡದು. ಚೀಟಿಯಲ್ಲಿ ಬರೆದುಕೊಟ್ಟ ಮುಲಾಮನ್ನು ಮಲಗುವ ಮುನ್ನ ತೊಗರಿಬೇಳೆಯಷ್ಟು ತೆಗೆದು, ಗುಳ್ಳೆಯ ಮೇಲಷ್ಟೇ ಅಲ್ಲ, ಗುಳ್ಳೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚುವುದು. ಮೊದಮೊದಲು ದಿನ ಬಿಟ್ಟು ದಿನ. "ಸಿಪ್ಪೆ ಏಳುತ್ತೆ, ಒಣಗುತ್ತೆ, ಜನ ನಗ್ತಾರೆ. ಬಿಡಬೇಡ. ಗುಣ ಕಾಣೋಕೆ ಎರಡು ತಿಂಗಳಾದರೂ ಬೇಕು. ಕೈ ಹಾಕಿ ಹಿಸುಕಿದ್ಯೋ, ನನ್ನ ಹತ್ತಿರ ಬರಬೇಡ." ಚೀಟಿ ನನ್ನ ಕಡೆ ತಳ್ಳಿ ಮುಂದಿನವರನ್ನು ಕೂಗಿದರು.

ಅಪ್ಪನ ಎರಡು ತಿಂಗಳಿಗೆ ಡಾಕ್ಟರಮ್ಮನ ಎರಡು ತಿಂಗಳು. ಒಂದು ವಾರ ತಪ್ಪಿದರೆ ನಾನು ಸೋತೆ.

ಹತ್ತು ದಿನ ಬರೀ ನೀರು. ಕೈ ಸುಮ್ಮನಿರುತ್ತಿರಲಿಲ್ಲ. ಓದಲು ಕೂತರೆ ಬೆರಳು ತಾನಾಗಿ ದವಡೆಗೆ ಹೋಗಿ ಗಂಟನ್ನು ಹುಡುಕುತ್ತಿತ್ತು. ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿದೆ. ಪುಸ್ತಕವನ್ನು ನೆಲದ ಮೇಲಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು ಓದಿದೆ. ಹಾಳೆ ತಿರುಗಿಸಲು ಮಾತ್ರ ಒಂದು ಕೈ ಹೊರಗೆ. ಅಮ್ಮ ತನ್ನ ಹಳೆಯ ನೂಲಿನ ಸೀರೆಯನ್ನು ಹರಿದು ಆರು ತುಂಡು ಮಾಡಿಕೊಟ್ಟಳು. ಮುಖ ಒರೆಸಲು ಎರಡು, ದಿಂಬಿಗೆ ಎರಡು, ಸಿಂಬೆಗೆ ಎರಡು. ದಿನಾ ಒಗೆದೆ. ಹಸುವಿನ ಕೆಲಸ ಮುಗಿಸಿದ ಕೈಯನ್ನು ಮೊಣಕೈಯವರೆಗೆ ತೊಳೆಯದೆ ಮುಖದ ಹತ್ತಿರ ತರಲಿಲ್ಲ. ಡೈರಿಗೆ ಹಾಲು ಹಾಕಿ ಬಂದವರು, ದಾರಿಯಲ್ಲಿ ಹೋಗುವವರು, ನೀರು ಕೇಳಲು ಬಂದವರು, ಎಲ್ಲರೂ ಬಾಗಿಲಲ್ಲಿ ನಿಂತು ಒಂದೊಂದು ಮಾತು ಬಿಟ್ಟು ಹೋದರು. "ಸೋಪು ತಿಕ್ಕಿದ್ರೆ ಕಾಗೆ ಕೊಕ್ಕರೆ ಆಗ್ತದಾ?" ಎಂದು ಕೇಳಿದ ಮುದುಕಿಗೆ, "ನಿನ್ಗೇನ್ ಆಗ್ಬೇಕಿತ್ತಜ್ಜಿ, ಕಾಗೆನಾ ಕೊಕ್ಕರೆನಾ?" ಎಂದೆ. ಅಮ್ಮ ಬೈದಳು. ಒಳಗೆ ಹೋಗಿ ನಕ್ಕಳು.

ಮುಲಾಮು ಶುರುವಾದ ಎರಡನೇ ವಾರಕ್ಕೆ ಬಾಯಿಯ ಸುತ್ತ ಸಿಪ್ಪೆ ಎದ್ದಿತು. ಕೆನ್ನೆ ಬಿಗಿದು ಕೆಂಪಾಯಿತು, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಅತ್ತೆ ಇನ್ನೊಂದು ಸಲ ಊರಿಗೆ ಬಂದಳು. ನನ್ನ ಮುಲಾಮು ತಾಗಿ ಅಮ್ಮನ ನೀಲಿ ರವಿಕೆಯ ಮೇಲೆ ಬಿಳಿ ಮಚ್ಚೆ ಬಿದ್ದಿತ್ತು. ಅದನ್ನು ಎತ್ತಿ ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಅಂದಳು. "ಬಟ್ಟೆ ಬಣ್ಣಾನೇ ತಿನ್ನೋ ಔಸ್ದಿ, ಮೊಕಾನಾ ಉಳಿಸ್ತದಾ? ನಾನು ಮರಳು ಕೊಟ್ರೆ ಪಾಪಿ, ಡಾಕ್ಟ್ರು ಆಸಿಡ್ ಕೊಟ್ರೆ ಪುಣ್ಯವಂತ್ರು!"

ಆ ಸಂಜೆ ಕನ್ನಡಿಯ ಮುಂದೆ ನಿಂತು ನಾನು ಟ್ಯೂಬನ್ನು ಎಸೆಯಲು ಕೈಯೆತ್ತಿದ್ದೆ. ಎಸೆಯದೇ ಇದ್ದದ್ದು ಧೈರ್ಯದಿಂದಲ್ಲ, ಸಿಟ್ಟಿನಿಂದ. ಸಿಪ್ಪೆ ಏಳುತ್ತದೆ, ಜನ ನಗುತ್ತಾರೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎರಡೂ ಹೇಳಿದಂತೆಯೇ ಆಗಿತ್ತು. ಹಾಗಾದರೆ ಮೂರನೆಯದೂ ಆಗಬೇಕಲ್ಲ? ಮೂರು ದಿನ ಮುಲಾಮು ಬಿಟ್ಟೆ, ಉರಿ ಇಳಿದ ಮೇಲೆ ಇನ್ನೂ ತೆಳ್ಳಗೆ, ದಿನ ಬಿಟ್ಟು ದಿನ ಹಚ್ಚಿದೆ. ಬಣ್ಣದ ಬಟ್ಟೆ ಮುಟ್ಟಿಸಲಿಲ್ಲ.

ಆರನೇ ವಾರ ಒಂದು ಬೆಳಿಗ್ಗೆ ಎದ್ದಾಗ ನಾನು ಎಡ ಮಗ್ಗುಲಾಗಿ ಮಲಗಿದ್ದೆ ಎಂದು ಗೊತ್ತಾಯಿತು. ಕೆನ್ನೆ ದಿಂಬಿಗೆ ಒತ್ತಿತ್ತು, ನೋವಿರಲಿಲ್ಲ. ಹೊಸ ಗಂಟು ಎದ್ದು ಎಷ್ಟು ದಿನವಾಯಿತು ಎಂದು ಎಣಿಸಿದೆ. ಹಣೆ ನುಣ್ಣಗಾಗುತ್ತಿತ್ತು. ಆದರೆ ಕಲೆಗಳು ಕಲೆಗಳಾಗಿಯೇ ಇದ್ದವು, ಕೆನ್ನೆಯಲ್ಲಿ ಗುಳಿಗಳು. ದೂರದಿಂದ ನೋಡಿದವರಿಗೆ ಏನೂ ವಾಸಿಯಾದಂತೆ ಕಾಣುತ್ತಿರಲಿಲ್ಲ. ಅದೇ ನನ್ನ ಭಯ. ಅಪ್ಪನೂ ದೂರದಿಂದ ನೋಡುವವನೇ.

ಕಾಲೇಜು ತೆರೆಯುವ ಹಿಂದಿನ ದಿನ ಅಪ್ಪ ನನ್ನನ್ನು ಕೊಟ್ಟಿಗೆಯ ಹೊರಗೆ ಬಿಸಿಲಿಗೆ ಕರೆದ. ಹಸುವಿನ ಕಾಲಿನ ಹುಣ್ಣು ನೋಡುವ ಹಾಗೆ, ಬಾಗಿ, ಹತ್ತಿರದಿಂದ ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡು ಹೆಬ್ಬೆರಳಿಂದ ನನ್ನ ದವಡೆಯನ್ನು ಒತ್ತಿದ. ಹಸುವಿಗೆ ಹೀಗೆ ಒತ್ತಿ, ಅದು ಕಾಲು ಝಾಡಿಸುತ್ತದೋ ಇಲ್ಲವೋ ಎಂದು ನೋಡುವುದು ಅವನಿಗೆ ಗೊತ್ತಿದ್ದ ವೈದ್ಯ.

"ನೋವೈತಾ?"

"ಇಲ್ಲ."

ಇನ್ನೊಂದು ಕಡೆ ಒತ್ತಿದ. "ಇಲ್ಲಿ?"

"ಇಲ್ಲ."

"ಕಲೆ ಐತಲ್ಲೋ," ಎಂದು ಜಗುಲಿಯಿಂದ ಅತ್ತೆ ಕೂಗಿದಳು. ನನ್ನನ್ನು ಕರೆದೊಯ್ಯುವುದೋ ಬಿಡುವುದೋ ತಿಳಿದುಕೊಂಡು ಹೋಗಲು ಬಂದಿದ್ದಳು.

"ಕಲೆ ಕಲೆ. ಹುಣ್ಣು ಮಾಗೈತೆ," ಎಂದ ಅಪ್ಪ. "ಓಗು."

ಅವತ್ತು ಅಪ್ಪ ನ್ಯಾಯ ಮಾಡಿದ ಎಂದು ಅಮ್ಮ ಕಡೆಯವರೆಗೂ ಹೇಳುತ್ತಿದ್ದಳು. ಮಾಡಿದ, ಇಲ್ಲ ಎನ್ನುವುದಿಲ್ಲ. ನನ್ನನ್ನು ಆ ಕಟಕಟೆಯಲ್ಲಿ ನಿಲ್ಲಿಸಿದವನೂ ಅವನೇ.

ಇನ್ನೆರಡು ವರ್ಷ ಅತ್ತೆಯ ಮನೆಯಲ್ಲೇ ಇದ್ದೆ. ಬೇರೆ ದಾರಿ ಇರಲಿಲ್ಲ. ಲೈನಿಗೆಲ್ಲ ಒಂದೇ ನಲ್ಲಿ, ನೀರು ಬಿಡುವುದು ಬೆಳಿಗ್ಗೆ ಒಂದಿಷ್ಟು ಹೊತ್ತು. ನಾನು ಮುಖಕ್ಕೆಂದು ಒಂದು ಸಣ್ಣ ಬಿಂದಿಗೆ ಬೇರೆ ಹಿಡಿಯುತ್ತಿದ್ದೆ. ಸಾಲಿನಲ್ಲಿದ್ದ ಪಕ್ಕದ ಮನೆಯ ಹೆಂಗಸು ತಮಿಳು ಕನ್ನಡ ಸೇರಿಸಿ ಕೇಳುತ್ತಿದ್ದಳು. "ಏನ್ಮಾ, ಮೂಂಜಿಗೇ ಒಂದ್ ಕೊಡ ತಣ್ಣೀನಾ? ನಾವೆಲ್ಲಾ ಮೂಂಜಿ ಇಲ್ದೇ ಉಟ್ಟಿದ್ದೀವಾ?" ಅತ್ತೆ ಅದಕ್ಕೆ ಒಗ್ಗರಣೆ ಹಾಕುತ್ತಿದ್ದಳು. "ಕಲೆಕ್ಟ್ರು ಆಗ್ತಾಳಲ್ಲ ಕಣಕ್ಕಾ, ತೊಳ್ಕೊಳ್ಳಿ ಬಿಡು." ಶುಕ್ರವಾರ ಹರಳೆಣ್ಣೆ ಬಟ್ಟಲು ಬಂದರೆ ನಾನು ತಲೆಗೆ ಹಾಕಿಸಿಕೊಂಡು, ಹಣೆಗೆ ಬಟ್ಟೆ ಕಟ್ಟಿಕೊಂಡು, ಗಂಟೆಯೊಳಗೆ ಸೀಗೆಪುಡಿಯಲ್ಲಿ ತಲೆ ತೊಳೆದುಬಿಡುತ್ತಿದ್ದೆ. ದಿಬ್ಬದ ಗಾಳಿ ಬೀಸಿದ ದಿನ ಕಾಲೇಜಿನಿಂದ ಬಂದೊಡನೆ ಮೊದಲು ಮುಖ, ಆಮೇಲೆ ಕಾಫಿ. ಮೊಡವೆ ಪೂರ್ತಿ ಹೋಗಲಿಲ್ಲ. ತಿಂಗಳ ಆ ದಿನಗಳ ಮುಂಚೆ ಎರಡೋ ಮೂರೋ ಏಳುತ್ತಿದ್ದವು. ಎದ್ದರೆ ಎದ್ದವು. ಹಿಸುಕಲಿಲ್ಲ, ಸುಡಲಿಲ್ಲ, ತಿಕ್ಕಲಿಲ್ಲ. ಎದ್ದವು ತಾವೇ ಇಳಿದವು. ಹದಿನೈದನೇ ವಯಸ್ಸಿಗೇ ಯಾರಾದರೂ ಒಬ್ಬ ಡಾಕ್ಟರ ಹತ್ತಿರ ಕಳಿಸಿದ್ದರೆ ಈ ಗುಳಿಗಳಲ್ಲಿ ಅರ್ಧ ಬೀಳುತ್ತಿರಲಿಲ್ಲ. ಇದನ್ನು ಓದುವ ತಾಯಂದಿರು, ಅತ್ತೆಯರು ಉಂಗುರವನ್ನು ಬೆರಳಲ್ಲೇ ಇಟ್ಟುಕೊಳ್ಳಿ. ಮಗಳನ್ನು ಆಸ್ಪತ್ರೆಗೆ ಕಳಿಸಿ.

ಎರಡನೇ ವರ್ಷದ ಹಾಲ್‌ಟಿಕೆಟ್‌ಗೆ ಮತ್ತೆ ಅದೇ ಸ್ಟುಡಿಯೋಗೆ ಹೋದೆ. "ಪೆನ್ಸಿಲು ಮುಟ್ಟಬೇಡಿ," ಎಂದೆ. ಅವನು, "ಚೆನ್ನಾಗಿರಲ್ಲ ಕಣಮ್ಮಾ," ಎಂದ. "ಚೆನ್ನಾಗಿರೋದು ಬೇಡ, ನಾನು ಇರಬೇಕು," ಎಂದೆ. ಆ ಫೋಟೋ ಅಂಟಿಸಿಕೊಂಡು, ಹೋಗಿದ್ದ ಪೇಪರನ್ನೂ ಸೇರಿಸಿ ಬರೆದೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ. ಮೂರನೇ ವರ್ಷವೂ ಎಬ್ಬಿಸಲಿಲ್ಲ. ಪಾಸಾದೆ.

ಪದವಿ ಪ್ರಮಾಣಪತ್ರ ಬರುವುದಕ್ಕೆ ಮತ್ತೆಷ್ಟೋ ತಿಂಗಳು ಹಿಡಿಯಿತು. ಕಾಲೇಜಿನ ಗುಮಾಸ್ತರು ಕಿಟಕಿಯಿಂದ ಕೈ ಚಾಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಮುಖ ನೋಡದೇ ಅದನ್ನು ಕೊಟ್ಟರು. ಅವರು ಮುಖ ನೋಡದೇ ಇದ್ದದ್ದು ನನಗೆ ಬಹಳ ಹಿತವಾಯಿತು. ನೇರ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ನಂದಿದುರ್ಗದ ಲೈನಿಗೆ ನಡೆದೆ.

ಅತ್ತೆ ಅದೇ ಹೊಸ್ತಿಲ ಮೇಲಿದ್ದಳು. ನಾನು ಬಾಗಿಲ ಮುಂದೆ ನಿಂತು, ಅದನ್ನು ಅವಳ ಕೈಗೆ ಕೊಟ್ಟೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡೇ ತೆಗೆದುಕೊಂಡಳು, ಅಷ್ಟು ಮಾಡಿದಳು. ಓದು ಬಾರದವಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು, ಸೀಲಿನ ಮೇಲೆ ಬೆರಳಾಡಿಸಿದಳು, ಹಿಂದೆ ಮಗುಚಿ ನೋಡಿದಳು.

"ಪಟ ಎಲ್ಲೈತೆ?"

"ಇದಕ್ಕೆ ಪಟ ಅಂಟಿಸಲ್ಲ ಅತ್ತೆ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು, ಹಣೆಯಿಂದ ಗದ್ದದವರೆಗೆ. ಆಮೇಲೆ ಅದನ್ನು ನನ್ನ ಕೈಗೆ ವಾಪಸ್ ಇಟ್ಟಳು.

"ಅದಕ್ಕೇ ಕೊಟ್ಟವ್ರೆ ಬಿಡು."